ಹರಿಪುರದ ಕೊನೆಯ ಪೇವು

ಸಾಂಗಲಿ ಪಕ್ಕದ ಹರಿಪುರದಲ್ಲಿ ನಮ್ಮ ಮನೆತನದ ಪೇವುಗಳಿದ್ದವು. ಅರಿಶಿನ ತುಂಬಿಡಲು ನೆಲದೊಳಗೆ ಆಳವಾಗಿ ತೋಡಿದ ಹಗೇವುಗಳವು. ಹೊಳೆ ಊರೊಳಗೆ ನುಗ್ಗಿ ಹೋದ ಮೇಲೆ ಬಳಕೆಗೆ ಉಳಿದದ್ದು ಒಂದೇ. ಒಳಗಿನ ಕೆಟ್ಟ ಗಾಳಿ ಹೋಗಲೆಂದು, ಅದರ ಬಾಯಿ ತೆರೆದ ದಿನ ಅಪ್ಪ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಮರುದಿನ ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಹಮಾಲರನ್ನು ಕಳಿಸುತ್ತಿದ್ದರು. ಎಂ.ಎಸ್ಸಿ. ಪ್ರಬಂಧಕ್ಕಾಗಿ ನಾನು ಅಲ್ಲಿ ವರ್ಷವಿಡೀ ಉಷ್ಣಮಾಪಕ ಇಳಿಸಿದೆ. ಮೇಲೆ ಬಿಸಿಲಿರಲಿ, ಚಳಿಯಿರಲಿ, ತಳದಲ್ಲಿ ಅಂಕಿ ಹೆಚ್ಚುಕಡಿಮೆ ಒಂದೇ. ಅದನ್ನು ಕೇಳಿದಾಗಲೆಲ್ಲ ಅಪ್ಪ, ತಮಗೆ ಮೊದಲೇ ಗೊತ್ತಿತ್ತೆಂಬಂತೆ ತಲೆಯಾಡಿಸುತ್ತಿದ್ದರು.

ಅಪ್ಪನ ತಮ್ಮನಾದ ಕಾಕಾನ ಸಾಂಗಲಿಯ ಅರಿಶಿನದ ಅಡತಿ ಅಂಗಡಿ, ಅಪ್ಪನ ಮಿರಜದ ಅಂಗಡಿ ಸೇರಿ ಒಂದು ಕಂಪನಿಯಾದ ವರ್ಷ, ಹರಿಪುರದ ಜಾಗದಲ್ಲಿ ಕೋಲ್ಡ್ ಸ್ಟೋರೇಜ್ ಕಟ್ಟುವುದೆಂದು ಕಾಕಾ ನಿರ್ಧರಿಸಿದರು. ಪೇವನ್ನು ಮುಚ್ಚಬೇಕಿತ್ತು. ಅಪ್ಪನಿಗೆ ಅದೊಂದು ಉಳಿಯಬೇಕಿತ್ತು. ಆದರೆ ವಾದಿಸಲಿಲ್ಲ, ನೆಲದ ಶಾಖ ಓದಿದವಳು ಮನೆಯಲ್ಲೇ ಇದ್ದಾಳೆ, ಅವಳನ್ನೊಮ್ಮೆ ಕೇಳು ಎಂದರು.

ಕಾಕಾ ಸಾಂಗಲಿ ಅಂಗಡಿಯ ಗಾದಿಯ ಮೇಲೆ ಕೂತೇ, ಮಗುವನ್ನು ಕರೆವಂತೆ ನನ್ನನ್ನು ಕರೆದು ಕೇಳಿದರು.

“ಬಾಳಾ, ಟೀವ್ಯಾಗ ನೋಡೇನಿ, ನೆಲದ ಉಗೀಲೆ ಕರೆಂಟ್ ತಗೀತಾರ. ನಮ್ಮ ಪೇವಿನಾಗ ಬರತೈತೇನು? ಬಂದ್ರ ಅಣ್ಣನ್ನ ಪವರ್‌ಹೌಸ್ ಮಾಲಕ ಮಾಡೂಣು.”

ಗುಮಾಸ್ತ ನಕ್ಕ. ಅಪ್ಪ ನನ್ನನ್ನೇ ನೋಡುತ್ತಿದ್ದರು.

“ಬರೂದಿಲ್ಲರಿ ಕಾಕಾ,” ಎಂದೆ. ನೀರನ್ನು ಉಗಿಯಾಗಿಸುವಷ್ಟು ಸುಡುವ ಬಂಡೆ ಬೇಕು, ಆ ಉಗಿ ಟರ್ಬೈನ್ ತಿರುಗಿಸಬೇಕು. ನಮ್ಮದು ಬರೀ ಬೆಚ್ಚಗಿನ ಮಣ್ಣು ಎಂದು ವಿವರಿಸಿದೆ. ಕಾಕಾ ಕೋಲ್ಡ್ ಸ್ಟೋರೇಜಿನ ಫೈಲು ಮುಚ್ಚಿದರು.

ಮಿರಜಕ್ಕೆ ಹಿಂತಿರುಗುವಾಗ ಆಟೋದಲ್ಲಿ ನಾನೇ ಅಪ್ಪನಿಗೆ ಉಳಿದದ್ದನ್ನು ಹೇಳಿದೆ. ಮಣ್ಣು ಹೀಗೆ ಒಂದೇ ಹದದಲ್ಲಿರುವುದರಿಂದ ಅದರಲ್ಲಿ ಕೊಳವೆ ಹೂತು ನೀರು ಹರಿಸುತ್ತಾರೆ. ಚಳಿಗಾಲದಲ್ಲಿ ನೆಲದ ಶಾಖ ಮನೆಗೆ ಬರುತ್ತದೆ, ಬೇಸಿಗೆಯಲ್ಲಿ ಮನೆಯ ಶಾಖ ನೆಲಕ್ಕೆ ಹೋಗುತ್ತದೆ. ಕೋಲ್ಡ್ ಸ್ಟೋರೇಜಿನ ಯಂತ್ರ ಹೊರಹಾಕುವ ಬಿಸಿಯನ್ನೂ ಹಾಗೆ ಇಳಿಸಬಹುದು, ಕರೆಂಟು ಉಳಿಯುತ್ತದೆ. ಅದಕ್ಕೆ ಪೇವಿನ ಸುತ್ತಲ ಜಾಗ ಕಟ್ಟದೆ ಬಿಟ್ಟರೆ ಸಾಕು, ಪೇವೂ ಉಳಿಯುತ್ತದೆ.

ಅಪ್ಪ ಪೂರ್ತಿ ಕೇಳಿದರು.

“ನೀ ಖರೇನ ಹೇಳಿದಿ ಬಾಳಾ. ಅಲ್ಲೆ ಅಷ್ಟ ಯಾಕ ಹೇಳಿದಿ?”

ಕಾಕಾ ಕೇಳಿದ್ದು ಅಷ್ಟೇ ಆಗಿತ್ತು. ಕೇಳಿದ್ದಕ್ಕೆ ಮಾತ್ರ ಉತ್ತರಿಸುತ್ತಾಳೆಂದು ಮೌಖಿಕ ಪರೀಕ್ಷೆಗಳಲ್ಲಿ ನನ್ನನ್ನು ಹೊಗಳುತ್ತಿದ್ದರು.

ಎರಡು ಪುಟದ ಟಿಪ್ಪಣಿ ಬರೆದೆ. ಅಂಕಿಗಳನ್ನು ಮತ್ತೆ ಮತ್ತೆ ಪರಿಶೀಲಿಸುವುದರಲ್ಲಿ ವಾರ ಕಳೆಯಿತು. ಕಾಕಾನ ಕೈಗೆ ಕೊಡುವಷ್ಟರಲ್ಲಿ ಪೇವಿಗೆ ಮುರುಮು ಮಣ್ಣು ಸುರಿದು ಮುಚ್ಚಿಯಾಗಿತ್ತು. ಅವರು ನಿಧಾನವಾಗಿ ಓದಿ ಕನ್ನಡಕ ತೆಗೆದರು.

“ಮೊದಲ ಹೇಳಿದ್ರ ಆ ಪೇವಿನ ಮೂಲಿ ಕಟ್ಟದ ಬಿಡತಿದ್ನಲ್ಲ.”

ಆ ಮಾತನ್ನು ನಾನು ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.