ಲೈನಿನ ಮೊದಲ ಡಬ್ಬಿ

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ, ಸೋಮವಾರ, ಬೆಳಿಗ್ಗೆ ಆರೂಕಾಲು. ಅಣ್ಣಿಗೇರಿಯಲ್ಲಿ ನಮ್ಮ ಓಣಿಯ ಹಿಟ್ಟಿನ ಗಿರಣಿಯಲ್ಲಿ ಇದ್ದವರು ಮೂವರು: ಗಿರಣಿಯವ, ಬಾಜು ಮನೆಯ ಆಯಿ, ನಾನು. ಸಂಜೆ ನಾಲ್ಕಕ್ಕೆ ನವಲಗುಂದದಿಂದ ನಮ್ಮ ಮಗಳನ್ನು ನೋಡಲು ಬರುವವರಿದ್ದರು. ಹೋಳಿಗೆಗೆ ಗೋಧಿಹಿಟ್ಟು ಒಂಬತ್ತರೊಳಗೆ ಮನೆಯಲ್ಲಿರಬೇಕೆಂದು ನನ್ನಾಕೆ ತಾಕೀತು ಮಾಡಿದ್ದಳು. ಯಾವಾಗಲೂ ಗಿರಣಿಗೆ ಹೋಗುವವಳು ಅವಳೇ. ಅಂದು ಮಾತ್ರ ನನ್ನ ಪಾಳಿ.

ಆಗ ನಮ್ಮೂರ ಅರ್ಧ ದಿನ ‘ಲೈನ್’ ಎಂಬ ಒಂದು ಶಬ್ದದ ಮೇಲೆಯೇ ನಡೆಯುತ್ತಿತ್ತು. ಕರೆಂಟು ಬಂದರೆ ಲೈನ್ ಬಂತು, ಹೋದರೆ ಲೈನ್ ಹೋಯಿತು. ರೈಲುಹಳಿಯ ಆಚೆಗಿನ ಹೊಲ ಲೈನಿನಾಚೆಯ ಹೊಲ. ಸೀಮೆಎಣ್ಣೆಗೆ ಲೈನ್ ಹಚ್ಚಬೇಕು. ಉಡಾಳನಿಗೆ ಬುದ್ಧಿ ಬಂದರೆ ಲೈನಿಗೆ ಬಂದ ಅನ್ನುತ್ತಿದ್ದರು. ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳನ್ನು ಲೈನಾಗಿ ನಿಲ್ಲಿಸಿದ ನನಗೆ ಮಾತ್ರ ಅದರ ಅರ್ಥ ಒಂದೇ: ಮೊದಲು ಬಂದವರದು ಮೊದಲು.

ಗಿರಣಿಯಲ್ಲಿ ಜನರ ಬದಲು ಡಬ್ಬಿಗಳು ಲೈನಿಗಿರುತ್ತವೆ. ಮೊದಲ ಡಬ್ಬಿ ನನ್ನದು. ಏಳೂವರೆಗೆ ಲೈನ್ ಬಂದು ಗಿರಣಿಯ ಪಟ್ಟಾ ತಿರುಗತೊಡಗಿತು. ಗಿರಣಿಯವ ಆಯಿಯ ಡಬ್ಬಿಗೆ ಕೈ ಹಾಕಿದ. ಅದರಲ್ಲಿದ್ದುದು ಎಮ್ಮೆಗೆಂದು ತಂದ ಜೋಳ.

“ಆಯೀದು ಮೊದಲ ಹಾಕೂಣ್ರಿ, ನಿಮ್ಮದು ಆಮ್ಯಾಲ.”

ಲೈನ್ ಅಂದರೆ ಲೈನ್ ಎಂದೆ. ಆಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು, “ಹಾಕಪಾ, ಮಾಸ್ತರ್ರ ಲೈನ್ ತಪ್ಪಬಾರ್ದು,” ಅಂದಳು.

ಎರಡು ಬೊಗಸೆ ಗೋಧಿ ಬೀಳುವಷ್ಟರಲ್ಲಿ ನನಗೆ ಸೀನಿನ ಮೇಲೆ ಸೀನು. ಹಿಟ್ಟು ಕೆಂಪಗೆ ಬರುತ್ತಿತ್ತು. ಹಿಂದಿನ ದಿನ ಕಡೆಗೆ ಬೀಸಿದ್ದು ಮೆಣಸಿನಕಾಯಿ. ಅದರ ಮರುದಿನ ದನದ ಕಾಳನ್ನು ಮೊದಲು ಬೀಸಿ ಕಲ್ಲು ಹಸನು ಮಾಡಿಕೊಳ್ಳುವುದು ಅಲ್ಲಿನ ಪದ್ಧತಿ. ಓಣಿಯ ಹೆಂಗಸರಿಗೆಲ್ಲ ಗೊತ್ತಿದ್ದ ವಿಷಯ.

“ನಿಮಗ ಗೊತ್ತಿರತೈತಿ ಅನ್ಕೊಂಡ್ನಿರಿ,” ಅಂದ ಗಿರಣಿಯವ.

ನಾನೇ ನನ್ನ ಡಬ್ಬಿ ತೆಗೆದು ಆಯಿಯದನ್ನು ಮುಂದೆ ಇಟ್ಟೆ. ಅವಳ ಜೋಳ ಮುಗಿದ ಮೇಲೆ ನನ್ನ ಗೋಧಿ ಬೆಳ್ಳಗೆ ಇಳಿಯಿತು. ಎಂಟೂಮುಕ್ಕಾಲಿಗೆ ಡಬ್ಬಿಯ ಮುಚ್ಚಳ ಹಾಕಿದೆ. ಬೆನ್ನಿಗೇ ಲೈನ್ ಹೋಯಿತು.

ಹೋಳಿಗೆ ಮೆತ್ತಗಾಗಿತ್ತು. ಬಂದವರ ಮುಂದೆ ಮಗಳೇ ಈ ಕಥೆ ಹೇಳಿ ನಕ್ಕಳು. ಹುಡುಗನ ತಾಯಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡು, “ನಮ್ಮ ಮನ್ಯಾಗೂ ಇಂಥಾವ್ರು ಒಬ್ಬರು ಅದಾರವ್ವ, ನಿನಗ ಹೊಸಾದು ಅನಸೂದಿಲ್ಲ,” ಅಂದರು. ಅವರ ಒಪ್ಪಿಗೆ ನಮಗೆ ತಿಳಿದದ್ದು ಹಾಗೆ.

ಅವರನ್ನು ಬಸ್ಸು ಹತ್ತಿಸಿ ಬಂದು, ಆಯಿಗೆ ನಾಲ್ಕು ಹೋಳಿಗೆ, ಅವಳ ಎಮ್ಮೆಗೆ ಬೆಳಿಗ್ಗೆ ಮೊದಲು ಬಿದ್ದ ಆ ಖಾರದ ಹಿಟ್ಟು ಕೊಟ್ಟೆ. ಆಮೇಲೆ ಡಬ್ಬಿ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದೆ.