ಊರ ಪರ ನೋಡಿ ಸಾ

ವೈಟ್‌ಫೀಲ್ಡಿನ ಟೆಕ್ ಪಾರ್ಕಿನ ಹಿಂಗೋಡೆಗೆ ಅಂಟಿಕೊಂಡಿರುವ ಕ್ರೈಸ್ತರ ಕೇರಿಯಲ್ಲಿ ಲೂರ್ದಮ್ಮನ ಬಾಯಿಗೆ ಹೆದರದವರಿಲ್ಲ. ಸೊಪ್ಪು ಮಾರಿ ಹೆಣ್ಣುಮಕ್ಕಳನ್ನು ದಡ ಸೇರಿಸಿದ ಬಾಯಿ ಅದು. ಕಂಪನಿ ಗೇಟಿನ ಸೆಕ್ಯುರಿಟಿಯವನನ್ನು ಬಾಯಿಗೆ ಬಂದಂತೆ ಬಯ್ದು, ಆಮೇಲೆ ಅವನಿಗೇ ಒಂದು ಕಟ್ಟು ದಂಟಿನ ಸೊಪ್ಪು ಮಾರುತ್ತಿತ್ತು. ಚರ್ಚಿನ ಹಬ್ಬದಲ್ಲಿ ಸಂತರ ಪ್ರಾರ್ಥನೆಗೆ ಮೈಕು ಹಿಡಿಯುತ್ತಿದ್ದುದೂ ಅದೇ ಬಾಯಿ.

ಪೂಜೆಯೆಲ್ಲ ಕನ್ನಡಕ್ಕೆ ಬಂದು ಎಷ್ಟೋ ಕಾಲವಾಗಿದ್ದರೂ ಆ ಪ್ರಾರ್ಥನೆ ಮಾತ್ರ ಕೇರಿಯಲ್ಲಿ ಲ್ಯಾಟಿನ್ನಿನಲ್ಲೇ ಉಳಿದುಕೊಂಡಿತ್ತು. ಗುರುಗಳು ಒಬ್ಬೊಬ್ಬ ಸಂತರ ಹೆಸರು ಕೂಗಬೇಕು, ಮೈಕು ಹಿಡಿದವರ ಹಿಂದೆ ಜನ "ಓರಾ ಪ್ರೋ ನೋಬಿಸ್", ಅಂದರೆ ನಮಗಾಗಿ ಪ್ರಾರ್ಥಿಸಿರಿ, ಎನ್ನಬೇಕು. ಲೂರ್ದಮ್ಮ ಅವ್ವನಿಂದ ಕಲಿತದ್ದು ಬೇರೆ: "ಊರ ಪರ ನೋಡಿ ಸಾ!" ಕೇರಿಯವರು ಅವಳಿಂದ ಕಲಿತದ್ದೂ ಅದನ್ನೇ. ಲ್ಯಾಟಿನ್ ಎಂದರೆ ಮೂಗು ಕಟ್ಟಿದ ಕನ್ನಡ ಎಂದೇ ಅವಳು ನಂಬಿದ್ದಳು. ಹೆಣ್ಣು ದೈವ ಸಂತ ಅನ್ನಮ್ಮನಿಗೂ ಗಂಡಸರಿಗೆ ಅನ್ನುವಂತೆ 'ಸಾ' ಅನ್ನಬೇಕಲ್ಲ, ಅದೊಂದೇ ಅವಳಿಗೆ ಇರುಸುಮುರುಸು.

ರೋಮಿನಲ್ಲಿ ಓದಿ ಬಂದ ಹೊಸ ಗುರು ಫಾದರ್ ಅರುಳಪ್ಪ ಹಬ್ಬದ ತಾಲೀಮಿನಲ್ಲಿ ಇದನ್ನು ಕೇಳಿ ಬೆಚ್ಚಿಬಿದ್ದರು.

"ಲೂರ್ದಮ್ಮ, ಅದ್ರಲ್ಲಿ ಊರೂ ಇಲ್ಲ, ಸಾರೂ ಇಲ್ಲ. ಸರಿಯಾಗಿ ಹೇಳಿದ್ರೆ ಮೈಕು ನಿಮ್ಗೆ. ಇಲ್ಲಾಂದ್ರೆ ಚರ್ಚಿಗೆ ಬರೋ ಅಪಾರ್ಟ್‌ಮೆಂಟ್ ಹುಡುಗೀರಿಗೆ ಕೊಟ್ಬಿಡ್ತೀನಿ."

"ಊರಿಲ್ವಾ? ಅಂಗಾರೆ ಇಷ್ಟ್ ವರ್ಷ ಸಂತ್ರು ಯಾರ್ ಪರ ನೋಡ್ತಿದ್ರು ಸ್ವಾಮಿ?"

ಅವ್ವನಿಂದ ಬಂದ ಮರ್ಯಾದೆ ಕೈತಪ್ಪುವುದೆಂದರೆ ಲೂರ್ದಮ್ಮನಿಗೆ ಜೀವ ಹೋದ ಹಾಗೆ. ಹಟ ನುಂಗಿಕೊಂಡು, ಸೊಪ್ಪು ಕಟ್ಟುತ್ತ "ನೋಬಿಸ್, ನೋಬಿಸ್" ಎಂದು ಗಿಳಿಪಾಠ ಮಾಡಿದಳು. ಗಿರಾಕಿಯೊಬ್ಬಳು "ನೋಬಿಸ್ ಕಟ್ಟು ಎಷ್ಟು ಆಂಟಿ?" ಎಂದು ಕೇಳಿ ಬಯ್ಯಿಸಿಕೊಂಡಳು.

ಹಬ್ಬದ ಬೆಳಿಗ್ಗೆ ಗುರುಗಳು ದನಿ ಎತ್ತಿದರು: "ಸಾಂಕ್ತೆ ಪೇತ್ರೆ!"

"ಓರಾ ಪ್ರೋ ನೋಬಿಸ್," ಎಂದಳು ಲೂರ್ದಮ್ಮ ಮೈಕಿನಲ್ಲಿ. ಒಂದಕ್ಷರ ತಪ್ಪಲಿಲ್ಲ.

"ಊರ ಪರ ನೋಡಿ ಸಾ!" ಎಂದಿತು ಇಡೀ ಚರ್ಚು. ಅಪಾರ್ಟ್‌ಮೆಂಟ್ ಹುಡುಗಿಯರೂ ಅದಕ್ಕೇ ದನಿ ಸೇರಿಸಿದರು.

ಗುರುಗಳು ಅವಳತ್ತ ದುರುಗುಟ್ಟಿ ನೋಡಿದರು. ಏನೂ ಅರಿಯದವಳಂತೆ ಅವಳು ಸೆರಗು ಸರಿಮಾಡಿಕೊಂಡಳು. ಆದರೆ ಹೆಸರುಗಳು ಮುಂದೆ ಹೋದಂತೆಲ್ಲ ಅವಳ ದನಿ ತಗ್ಗುತ್ತ ಬಂತು. ಊರೆಲ್ಲ ಒಂದು ಕಡೆ, ತಾನೊಬ್ಬಳೇ ಇನ್ನೊಂದು ಕಡೆ. ಸರಿಯಾಗಿ ಹೇಳುತ್ತಿದ್ದಾಳೆ, ಸಂಕಟವೂ ಅವಳೊಬ್ಬಳಿಗೇ. ಕೊನೆಯ ಹೆಸರಿಗೆ ಮುಂಚೆ ಮೈಕನ್ನು ಗುರುಗಳ ಮುಂದಿಟ್ಟು, ಇಳಿದು ಬಂದು ಹೆಂಗಸರ ನಡುವೆ ನಿಂತುಬಿಟ್ಟಳು.

"ಸಾಂಕ್ತಾ ಅನ್ನಾ!" ಎಂದು ಕೂಗಿದರು ಗುರುಗಳು. ಉತ್ತರವನ್ನೂ ತಾವೇ ಮೈಕಿನಲ್ಲಿ ಹೇಳಬೇಕಾಯಿತು. ಅಷ್ಟು ಹೊತ್ತು ಜನರ ಉತ್ತರವನ್ನೇ ಕೇಳಿ ಕೇಳಿ ಕಿವಿ ತುಂಬಿತ್ತು, ನಾಲಿಗೆ ಜಾರಿತು:

"ಊರ ಪರ ನೋಡಿ ಸಾ!"

ಹೆಂಗಸರ ನಡುವಿನಿಂದ ಲೂರ್ದಮ್ಮ, ಮೈಕಿಲ್ಲದೆಯೂ ಎಲ್ಲರಿಗೂ ಕೇಳುವಂತೆ, ತಿದ್ದಿದಳು:

"ಅನ್ನಮ್ಮ ಎಂಗ್ಸು ಸ್ವಾಮಿ. 'ಸಾ' ಅನ್ಬಾರ್ದು."