ಅಮಾವಾಸ್ಯೆಯ ಸಂಜೆ, ಕಣ್ಣಿನ ಮನೆಯ ಬಾಗಿಲಲ್ಲಿ

ಜೆ.ಪಿ. ನಗರದಿಂದ ಪುಟ್ಟೇನಹಳ್ಳಿ ಕೆರೆಯ ಕಡೆಗೆ ಹೋಗುವ ಅಡ್ಡರಸ್ತೆಯೊಂದರಲ್ಲಿ ಎರಡು ಮಹಡಿಯ ಕಟ್ಟಡವಿದೆ. ಅದರ ಮೊದಲ ಮಹಡಿಯ ಬಾಗಿಲ ಮುಂದೆ, ಹೊರಗಿನ ತೆರೆದ ಮೆಟ್ಟಿಲು ಮುಗಿಯುವ ಕಡೆ, ಎಡಭುಜ ಗೋಡೆಗೆ ತಾಗಿಸಿಕೊಂಡು ನಾನು ನಿಂತಿದ್ದೆ. ಭಾನುವಾರದ ಸಂಜೆ, ಇನ್ನೂ ಬೆಳಕಿತ್ತು. ಅಂದು ಅಮಾವಾಸ್ಯೆ. ಕೊರೊನಾ ಬರುವುದಕ್ಕೆ ಹಿಂದಿನ ವರ್ಷ. ನಾನು ಆ ಭಾಗದ ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್. ಇಷ್ಟನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಆ ಸಂಜೆಯ ಬಗ್ಗೆ ಅಲ್ಲಿ ಇಲ್ಲದವರೇ ಹೆಚ್ಚು ಮಾತಾಡಿದ್ದಾರೆ.

ಆ ಮಹಡಿಯನ್ನು ಒಂದು ಸೋದರ ಸಂಘ ಬಾಡಿಗೆಗೆ ಹಿಡಿದಿತ್ತು. ಬ್ರಿಟಿಷರ ಕಾಲದ ಪದ್ಧತಿ; ಡಾಕ್ಟರು, ವ್ಯಾಪಾರಿಗಳು, ನಿವೃತ್ತ ಅಧಿಕಾರಿಗಳು ಸದಸ್ಯರು. ದಾನಧರ್ಮ ಮಾಡುತ್ತಾರೆ, ಒಳಗಿನ ವಿಧಿಗಳನ್ನು ಮಾತ್ರ ಹೊರಗೆ ಹೇಳುವುದಿಲ್ಲ. ಬೋರ್ಡಿನಲ್ಲಿ ಹೆಸರಿರಲಿಲ್ಲ. ಗಾರೆಯವರು ಗೋಡೆಯ ಮೂಲೆ ನೋಡಲು ಬಳಸುವ ಮೂಲೆಮಟ್ಟ, ಅದರ ಮೇಲೆ ವೃತ್ತ ಎಳೆಯುವ ಕೈವಾರ, ನಡುವೆ ಒಂದು ಕಣ್ಣು, ಅಷ್ಟೇ. ಬೀದಿಯವರು ಅದನ್ನು ‘ಕಣ್ಣಿನ ಮನೆ’ ಎನ್ನುತ್ತಿದ್ದರು.

ಅಂದು ಎದುರುಗಡೆಯ ಟೆರೇಸಿನಿಂದ ಯಾರೋ ಕಿಟಕಿಯ ಒಳಗಿನದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ಯುವಕ, ಕುತ್ತಿಗೆಯಲ್ಲಿ ಹಗ್ಗ, ಎಡಗಾಲಿನ ಪ್ಯಾಂಟು ಮಂಡಿಯ ಮೇಲಕ್ಕೆ ಸುತ್ತಿದೆ. ಜೊತೆಗೊಂದು ದನಿ: “ಅಮಾವಾಸ್ಯೆಗೆ ಬಲಿ ಕೊಡ್ತಿದಾರೆ, ಬೇಗ ಬನ್ನಿ.” ವಾಟ್ಸಾಪಿನಲ್ಲಿ ಅದು ಬಿಳೇಕಹಳ್ಳಿಯವರೆಗೂ ಹರಡಿತ್ತು. ನಾನೂ ಹೆಡ್ ಕಾನ್‌ಸ್ಟೆಬಲ್ ಪದ್ಮಾವತಿಯೂ ಜೀಪಿನಿಂದ ಇಳಿಯುವ ಹೊತ್ತಿಗೆ ರಸ್ತೆ ತುಂಬಿಹೋಗಿತ್ತು. ಪದ್ಮಾವತಿ ಕೆಳಗೆ ಗೇಟಿನಲ್ಲಿ ನಿಂತರು, ನಾನು ಮೇಲೆ ಹತ್ತಿದೆ.

ಮುಚ್ಚಿದ ಬಾಗಿಲ ಹೊರಗೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಪ್ಪು ಸೂಟು ತೊಟ್ಟ ಮುದುಕರೊಬ್ಬರು ಕೂತಿದ್ದರು. ಸೊಂಟಕ್ಕೆ ಬಿಳಿ ಏಪ್ರನ್, ಕೈಯಲ್ಲಿ ಬಿಚ್ಚುಕತ್ತಿ. ಹೆಸರು ಶೇಷಾದ್ರಿ, ಬ್ಯಾಂಕಿನಿಂದ ನಿವೃತ್ತರು. ಒಳಗೆ ವಿಧಿ ನಡೆಯುವಾಗ ಒಬ್ಬ ಸದಸ್ಯ ಹೀಗೆ ಕಾವಲು ಕೂರುವುದು ಅವರ ಸಂಪ್ರದಾಯ. ಕತ್ತಿ ಮೊಂಡು, ಕೆಳಗಿನಿಂದ ನೋಡುವವರಿಗೆ ಅದು ತಿಳಿಯುವುದಿಲ್ಲ.

“ಹೊಸ ಸದಸ್ಯನನ್ನ ಸೇರಿಸ್ಕೊಳ್ತಿದೀವಿ ಸಾರ್. ಮಧ್ಯದಲ್ಲಿ ಬಾಗಿಲು ತೆಗೆಯೋ ಹಾಗಿಲ್ಲ, ನಿಯಮ,” ಅಂದರು.

“ಕತ್ತಿ ಹಿಡ್ಕೊಂಡು ನಿಯಮ ಹೇಳ್ತಾನೆ ನೋಡ್ರೋ ತಾತ,” ಎಂದು ಕೆಳಗಿನಿಂದ ಯಾರೋ ಕೂಗಿದರು.

ಅಷ್ಟರಲ್ಲಿ ಜನರನ್ನು ಸೀಳಿಕೊಂಡು ಮುನಿರಾಜು ಮೆಟ್ಟಿಲೇರಿದರು. ಹಳೇ ಪುಟ್ಟೇನಹಳ್ಳಿಯವರು, ಹಿಂದೆ ಹೊಲವಿದ್ದ ಕಡೆ ಈಗ ಅವರ ಬಾಡಿಗೆ ಮನೆಗಳಿವೆ. ಕೈಯಲ್ಲಿ ಕಬ್ಬಿಣದ ರಾಡು.

“ಪಕ್ಕಕ್ಕೆ ಬನ್ನಿ ಸಾರ್. ಒಳಗಿರೋನು ನನ್ನ ಮಗ, ನವೀನ.”

“ವಿಡಿಯೋದಲ್ಲಿ ಮುಖಾನೇ ಕಾಣಲ್ವಲ್ಲ?”

“ಮಂಡಿ ಕಾಣುತ್ತಲ್ಲ. ಚಿಕ್ಕೋನಿದ್ದಾಗ ಟ್ರಾಕ್ಟರಿಂದ ಬಿದ್ದು ಹೊಲಿಗೆ ಹಾಕಿಸಿದ್ದೋನು ನಾನು. ಆ ಗಾಯ ನಂಗೆ ಗೊತ್ತಾಗಲ್ವಾ?”

ಮಗ ಮನೆಯಲ್ಲಿ ಫ್ರೆಂಡ್ ಮದುವೆ ಎಂದು ಹೇಳಿ ಹೋಗಿದ್ದ. ಫೋನ್ ಸ್ವಿಚ್ ಆಫ್. ಮುನಿರಾಜು ರಾಡು ಎತ್ತಿಕೊಂಡು ಬಾಗಿಲ ಕಡೆ ಇನ್ನೊಂದು ಮೆಟ್ಟಿಲು ಹತ್ತಿದರು. ಆಗಲೇ ಕೆಳಗಿನಿಂದ ಒಂದು ಕಲ್ಲು ನನ್ನ ಕಿವಿಯ ಪಕ್ಕದಲ್ಲಿ ಹಾದು ಶೇಷಾದ್ರಿಯವರ ಹಣೆಗೆ ತಾಗಿತು. ಬಿಳಿ ಏಪ್ರನ್ ಮೇಲೆ ರಕ್ತ ಇಳಿಯಿತು. ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಇನ್ನೊಂದು ನಿಮಿಷದಲ್ಲಿ ಆ ಮೆಟ್ಟಿಲ ಮೇಲೆ ಒಂದು ಹೆಣ ಬೀಳುತ್ತದೆ ಅನ್ನಿಸಿತು. ಯಾರದ್ದು ಎಂಬುದಷ್ಟೇ ಗೊತ್ತಿರಲಿಲ್ಲ.

ನಾನು ಶೇಷಾದ್ರಿಯವರ ಕಡೆ ಬಗ್ಗಿ ಕೇಳಿದೆ: “ಒಳಗಿರೋನು ಬೇಡ ಅಂದ್ರೆ ಏನ್ಮಾಡ್ತೀರಿ?”

“ಆಗಲೇ ಆಚೆ ಕಳಿಸ್ತೀವಿ. ಸ್ವಂತ ಇಷ್ಟದಿಂದ ಬಂದಿದೀಯಾ ಅಂತ ಪ್ರಮಾಣಕ್ಕೆ ಮುಂಚೆ ಕೇಳಲೇಬೇಕು. ಅದೂ ನಿಯಮವೇ.”

“ಹಾಗಿದ್ರೆ ಅದನ್ನ ಅಪ್ಪನ ಮುಂದೆ ಕೇಳಿ.”

ಅವರು ಕತ್ತಿಯ ಹಿಡಿಯಿಂದ ಬಾಗಿಲು ಬಡಿದರು. ಒಳಗಿನಿಂದ ಉತ್ತರದ ಬಡಿತ ಬಂತು. ಗುಸುಗುಸು ಮಾತಾಯಿತು. ಬಾಗಿಲು ತೆರೆಯಿತು.

ನವೀನ ಕಣ್ಣಿನ ಪಟ್ಟಿಯನ್ನು ಹಣೆಗೇರಿಸಿಕೊಂಡು ಹೊರಬಂದ. ಅಂಗಿಯ ಒಂದು ಬದಿ ಕಳಚಿತ್ತು, ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಚಪ್ಪಲಿ. ಹಗ್ಗ ಹಾಗೇ ಇತ್ತು. ಹಗ್ಗ ಕಂಡದ್ದೇ ಕೆಳಗಿನ ಜನ ಮುಂದಕ್ಕೆ ನುಗ್ಗಿದರು. ಪದ್ಮಾವತಿ ಗೇಟಿಗೆ ಅಡ್ಡ ಲಾಠಿ ಹಿಡಿದು ತಡೆದರು.

“ಅಪ್ಪಾ, ಯಾರಿಗೆ ಹೊಡೆಯೋಕ್ ಬಂದೆ? ನಾನೇ ಇಷ್ಟಪಟ್ಟು ಬಂದಿರೋದು.”

“ಇಷ್ಟಪಟ್ಟು ಬಂದೋನು ಅಮ್ಮಂಗೆ ಸುಳ್ಳು ಯಾಕೋ ಹೇಳ್ದೆ?”

“ನಿಜ ಹೇಳಿದ್ರೆ ಬಿಡ್ತಿದ್ರಾ?”

ಮುನಿರಾಜು ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಇದೇನೋ ಇದು ವೇಷ?”

“ಇಲ್ಲಿಗೆ ಸೇರೋಕೆ ಬರೋವಾಗ ಯಾರೂ ದೊಡ್ಡೋರಲ್ಲ, ಎಲ್ರೂ ಒಂದೇ ಅನ್ನೋದಕ್ಕೆ.”

“ಒಂದ್ ಕಾಲಿಗೆ ಪ್ಯಾಂಟು, ಒಂದ್ ಕಾಲಿಗೆ ನಿಕ್ಕರ್, ಸಖತ್ ಗುರು,” ಎಂದ ಕೆಳಗಿನವನೊಬ್ಬ. ನಾಲ್ಕು ಜನ ನಕ್ಕರು. ಆ ನಗುವಿನಲ್ಲೇ ಗುಂಪು ಸಡಿಲವಾಯಿತು.

ಮುನಿರಾಜು ರಾಡನ್ನು ನನ್ನ ಕೈಗೆ ಕೊಟ್ಟರು. ಹೆಗಲ ಮೇಲಿನ ಟವೆಲ್ಲನ್ನು ಮಡಿಸಿ ಶೇಷಾದ್ರಿಯವರ ಹಣೆಗೆ ಬಿಗಿಯಾಗಿ ಕಟ್ಟಿದರು. “ಆಸ್ಪತ್ರೆಗೆ ನಡೀರಿ ಸ್ವಾಮಿ.”

“ಬಾಗಿಲು ಬಿಟ್ಟು ಬರೋ ಹಾಗಿಲ್ಲ.”

“ಹಾಗಾದ್ರೆ ಇವನು ಬೇಗ ಮುಗಿಸ್ಕೊಂಡು ಬರ್ಲಿ. ಅಲ್ಲೀವರ್ಗೂ ನಾನೂ ಇಲ್ಲೇ ಕೂತಿರ್ತೀನಿ.”

ಹಾಗೆಯೇ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತರು. ಮಗ ಒಳಗೆ ಹೋದ, ಬಾಗಿಲು ಮತ್ತೆ ಮುಚ್ಚಿತು.

ಕಲ್ಲೆಸೆದವನು ಸಿಕ್ಕಿದ, ಕೇಸು ದಾಖಲಾಯಿತು. ಟೆರೇಸಿನ ದನಿಯವನು ಕೊನೆಗೂ ಸಿಗಲಿಲ್ಲ. ಸಂಘದವರು ಕಿಟಕಿಗೆ ದಪ್ಪ ಪರದೆ ಹಾಕಿಸಿದರು. ಅದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಗುಟ್ಟು ಇಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ ಬೋರ್ಡಿನ ಮೇಲೆ ಕಣ್ಣು ಬರೆಸಿ ಸುಮ್ಮನಿದ್ದರೆ ಉಳಿದದ್ದನ್ನು ಬೀದಿಯೇ ಬರೆದುಕೊಳ್ಳುತ್ತದೆ. ನನ್ನ ಕೆಲಸ ಅಂದು ನನಗೆ ಕಲಿಸಿದ್ದು ಒಂದು: ಅಂಥ ಬಾಗಿಲ ಮುಂದೆ ಪೊಲೀಸರು ಒಳಗಿನ ಗುಟ್ಟನ್ನು ಕೇಳುತ್ತಾ ನಿಲ್ಲಬಾರದು, ಒಳಗಿರುವ ಮನುಷ್ಯನನ್ನು ಕೇಳಬೇಕು.

ಶೇಷಾದ್ರಿ ಹೋದ ವರ್ಷ ತೀರಿಕೊಂಡರು. ನಾನು ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಬಲ್ಲವರು ಇನ್ನು ಮೂವರಿದ್ದಾರೆ. ನಿವೃತ್ತರಾಗಿ ಬಿಳೇಕಹಳ್ಳಿಯಲ್ಲಿರುವ ಪದ್ಮಾವತಿ, ನವೀನ, ಮತ್ತು ಅವನ ಅಪ್ಪ ಮುನಿರಾಜು.